ಸಾಣೆಯಮ್ಮ ಮೊಂಡು ಮಾಡಿದ ಕತ್ತಿ

ಸಾಣೆಯಮ್ಮ ತನ್ನ ಜೀವಮಾನದಲ್ಲಿ ಮೊಂಡು ಮಾಡಿದ್ದು ಒಂದೇ ಒಂದು ಕತ್ತಿಯನ್ನು. ಅದೂ ಗಂಡನದು. ಮಾಡಲು ಹೇಳಿದ್ದು ಡಾಕ್ಟರು, ಮಾಡಿದ್ದು ಒಳ್ಳೆಯದಕ್ಕೆ, ಒಪ್ಪಿ ತಲೆಯಾಡಿಸಿದ್ದು ಅಳಿಯ. ಕೇಳದೆ ಬಿಟ್ಟದ್ದು ಒಬ್ಬನನ್ನೇ: ಆ ಕತ್ತಿ ಯಾರದೋ ಅವನನ್ನು.

ಅವಳ ಅಪ್ಪ ಸಾಣೆ ಹಿಡಿಯುವವನು. ಕಾಲಲ್ಲಿ ತುಳಿಯುವ ಚಕ್ರವನ್ನು ಹೆಗಲಿಗೇರಿಸಿಕೊಂಡು ಬೀದಿ ಬೀದಿ ಅಲೆದು, ಮೊಣಕಾಲು ಸವೆದ ಮೇಲೆ ಮಾರುಕಟ್ಟೆಯ ಮೂಲೆಯಲ್ಲಿ ತಗಡಿನ ನೆರಳು ಹಾಕಿಕೊಂಡು ಕೂತವನು. ಮಗಳಿಗೆ ಅಕ್ಷರಕ್ಕಿಂತ ಮೊದಲು ಕಲ್ಲಿನ ಸದ್ದು ಕಲಿಸಿದ. ಅಲಗು ಕಿರುಗುಟ್ಟಿದರೆ ಒತ್ತು ಜಾಸ್ತಿ, ಸದ್ದೇ ಇಲ್ಲದಿದ್ದರೆ ಕಮ್ಮಿ, ಗುನುಗಿದರೆ ಸರಿ. ಹೊಸದಾಗಿ ಅಂಗಡಿ ಇಟ್ಟಿದ್ದ ಕ್ಷೌರಿಕ ಹುಡುಗನೊಬ್ಬ ಅಲ್ಲಿಗೆ ಕತ್ತಿ ತರುತ್ತಿದ್ದ. ತಿಂಗಳಿಗೊಮ್ಮೆ ತರಬೇಕಾದವನು ದಿನ ಬಿಟ್ಟು ದಿನ ತರತೊಡಗಿದ. ಅಪ್ಪ ಕತ್ತಿಯನ್ನೂ ಹುಡುಗನನ್ನೂ ತಿರುಗಿಸಿ ತಿರುಗಿಸಿ ನೋಡಿ, "ಏನಪ್ಪಾ, ನೀನು ಗಿರಾಕಿಗಳ ಗಡ್ಡ ತೆಗೀತೀಯೋ, ಮರ ಕಡೀತೀಯೋ?" ಎಂದು ಕೇಳಿದ. ಹುಡುಗ ಕೆಂಪಾದ. ಮಗಳು ಚಕ್ರ ನಿಲ್ಲಿಸಿ ನಕ್ಕಳು. ಮದುವೆ ಅಲ್ಲಿಗೇ ಗೊತ್ತಾದಂತಾಯಿತು.

ಗಂಡನಿಗೆ ಜನ ಇಟ್ಟ ಹೆಸರು ಮೀಸೆಯಣ್ಣ. ಸುತ್ತಲಿನ ಬೀದಿಗಳ ಅರ್ಧ ಗಂಡಸರ ಮೀಸೆಯ ಅಂದಚಂದ ಅವನ ಕೈಯಲ್ಲಿ. ಅವನ ಮುಖದ ಮೇಲೆ ಮಾತ್ರ ಮೀಸೆಯ ನೆರಳೂ ಇಲ್ಲ. ಯಾಕೆಂದು ಕೇಳಿದವರಿಗೆ, "ಅಡುಗೆ ಮಾಡೋನಿಗೆ ಹಸಿವಿರಲ್ಲ ಸ್ವಾಮಿ" ಎನ್ನುತ್ತಿದ್ದ. ಅಂಗಡಿಯೊಳಗೆ ಎರಡು ಕುರ್ಚಿ, ಉದ್ದನೆಯ ಕನ್ನಡಿ, ಗೋಡೆಯ ಮೊಳೆಗೆ ನೇತುಹಾಕಿದ, ಅಲಗು ತೀಡುವ ಚರ್ಮದ ಪಟ್ಟಿ. ಒಂದು ಕುರ್ಚಿ ಅವನದು, ಇನ್ನೊಂದು ಅಳಿಯನದು. ಅಳಿಯನ ಕೈಯಲ್ಲಿ ಬ್ಲೇಡು ಬದಲಾಯಿಸುವ ಹೊಸ ಕತ್ತಿ, ಗುಂಯ್ಗುಡುವ ಮಷೀನು. ಮೀಸೆಯಣ್ಣನದು ಹಳೆಯ ಮಡಚುಗತ್ತಿ. ಅಂಗಡಿಯ ಹೊರಗೆ, ಮೆಟ್ಟಿಲ ಪಕ್ಕ, ಸಾಣೆಯಮ್ಮನ ಮೋಟಾರು ಚಕ್ರ. ದರ್ಜಿಗಳ ಕತ್ತರಿ, ಹೋಟೆಲಿನವರ ಚೂರಿ, ಮನೆಮನೆಯ ಈಳಿಗೆ ಎಲ್ಲ ಅವಳ ಮುಂದೆ ಸಾಲು ಹಿಡಿದು ಮಲಗಿರುತ್ತಿದ್ದವು.

ಗಂಡ ಹೆಂಡತಿ ಎಲ್ಲದಕ್ಕೂ ಜಗಳವಾಡಿದವರೇ. ಉಪ್ಪಿಗೆ, ಮಗಳ ಮದುವೆಗೆ, ಕಿಟಕಿ ತೆರೆಯುವುದಕ್ಕೆ, ಮುಚ್ಚುವುದಕ್ಕೆ. ಆದರೆ ಒಂದು ವಿಷಯದಲ್ಲಿ ಮಾತೇ ಇರಲಿಲ್ಲ. ಅವಳು ಕಲ್ಲಿಗೆ ಹಿಡಿದು ಕೊಟ್ಟ ಕತ್ತಿಯನ್ನು ಅವನು ಒಮ್ಮೆಯೂ ಬೆರಳು ತಾಗಿಸಿ ಪರೀಕ್ಷಿಸಿದವನಲ್ಲ. ನೇರವಾಗಿ ಚರ್ಮದ ಪಟ್ಟಿಗೆ ಹೋಗುತ್ತಿದ್ದ, ನಾಲ್ಕಾರು ಸಲ ಎಳೆಯುತ್ತಿದ್ದ, ಗಿರಾಕಿಯ ಕೆನ್ನೆಗೆ ಇಡುತ್ತಿದ್ದ. ಬೇರೆ ಗಂಡಸರು ಹೆಂಡತಿಗೆ ಏನೇನೋ ಕೊಡಿಸುತ್ತಾರೆ. ಅವನು ಕೊಟ್ಟದ್ದು ಇದು.

ಮರೆವು ಶುರುವಾದದ್ದು ಮಾತಿನಲ್ಲಿ. ಒಂದೇ ಕತೆಯನ್ನು ಒಂದೇ ಗಿರಾಕಿಗೆ ಕೂತಲ್ಲೇ ಎರಡು ಸಲ ಹೇಳುವುದು. ಕ್ಷೌರದಂಗಡಿಯಲ್ಲಿ ಇದು ಯಾರಿಗೂ ಕಾಯಿಲೆಯೆಂದು ಕಾಣಲಿಲ್ಲ. ಕತೆ ಚೆನ್ನಾಗಿತ್ತು, ಜನ ಎರಡು ಸಲ ನಕ್ಕರು. ಆಮೇಲೆ ನೊರೆ ಹಚ್ಚಿದ ಕೆನ್ನೆಗೇ ಮತ್ತೆ ನೊರೆ ಹಚ್ಚಿದ. ಆಮೇಲೆ ಮನೆಗೆ ಹೋಗುವ ದಾರಿಯ ತಿರುವಿನಲ್ಲಿ ನಿಂತು, ಯಾರಾದರೂ ಪರಿಚಯದವರು ಬರುವವರೆಗೂ ಅಂಗಿಯ ಗುಂಡಿ ನೋಡಿಕೊಳ್ಳುವವನಂತೆ ನಟಿಸಿದ. ಕೊನೆಗೆ ಒಂದು ದಿನ, ತುದಿ ಮಾತ್ರ ಕತ್ತರಿಸಲು ಹೇಳಿದ್ದ ಒಬ್ಬ ಹಳೆಯ ಗಿರಾಕಿಯ ಮೀಸೆಯನ್ನು ಪೂರ್ತಿ ತೆಗೆದುಬಿಟ್ಟ. ಆ ಮನುಷ್ಯ ತನ್ನ ಮದುವೆಗಿಂತ ಮುಂಚೆಯಿಂದ ಸಾಕಿಕೊಂಡು ಬಂದ ಮೀಸೆ ಅದು. ಕನ್ನಡಿಯಲ್ಲಿ ಮುಖ ನೋಡಿಕೊಂಡವನೇ, "ಅಯ್ಯೋ, ನಮ್ಮಪ್ಪ ಬಂದು ಕೂತಂಗಿದೆಯಲ್ಲೋ!" ಎಂದು ಕಿರುಚಿದ.

ಒಂದು ಮಾತು ಇಲ್ಲಿ ಹೇಳಬೇಕು. ಅಂದು ಆ ಮೇಲ್ದುಟಿಯ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ತುಪ್ಪ ಸವರಿದಂತೆ ಕತ್ತಿ ಓಡಿತ್ತು. ಏನು ಮಾಡಬೇಕೆಂಬುದನ್ನು ತಲೆ ಮರೆತಿತ್ತು; ಹೇಗೆ ಮಾಡಬೇಕೆಂಬುದನ್ನು ಕೈ ಮರೆತಿರಲಿಲ್ಲ. ಈ ವ್ಯತ್ಯಾಸ ಆಮೇಲೆ ಯಾರಿಗೂ ಬೇಕಾಗಲಿಲ್ಲ.

ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಒಳ್ಳೆಯವರೇ. ಶಾಲೆಗೆ ಹೋಗುವಾಗಿನಿಂದ ಮೀಸೆಯಣ್ಣನ ಕುರ್ಚಿಯಲ್ಲೇ ಕೂದಲು ಕತ್ತರಿಸಿಕೊಂಡವರು. ದೊಡ್ಡ ಆಸ್ಪತ್ರೆಗೆ ಕಳಿಸಿ, ತಲೆಯ ಚಿತ್ರ ತೆಗೆಸಿ, ಕಾಗದ ವಾಪಸು ಬಂದ ಮೇಲೆ ಮನೆಯವರನ್ನು ಕರೆಸಿದರು. ಗಂಡ, ಹೆಂಡತಿ, ಅಳಿಯ ಮೂವರೂ ಹೋದರು. ನರ್ಸು ಬಾಗಿಲು ತೆರೆದು, "ಅವರು ಹೊರಗೆ ಕೂತಿರಲಿ, ಬೇಜಾರು ಮಾಡ್ಕೋಬಾರದಲ್ಲ" ಎಂದಳು. ಅವರು ಎಂದರೆ ಮೀಸೆಯಣ್ಣ. ಯಾರ ತಲೆಯ ಮಾತೋ ಅವನು ಗೋಡೆಗಂಟಿದ ಬೆಂಚಿನ ಮೇಲೆ, ಕೆಮ್ಮುವವರ ಸಾಲಿನಲ್ಲಿ ಕೂತ. ಒಳಗೆ ಅವನ ಉಳಿದ ಬಾಳನ್ನು ಹಂಚಿ ಹಾಕುವ ಕೆಲಸ ನಡೆಯಿತು.

"ಡಿಮೆನ್ಶಿಯಾ ಅಂತಾರಮ್ಮ. ಮರೆವಿನ ಕಾಯಿಲೆ. ಹೆಚ್ಚಾಗ್ತಾ ಹೋಗುತ್ತೆ, ನಿಧಾನವಾಗಿ," ಎಂದರು ಡಾಕ್ಟರು. "ಅವರಿಗೆ ಈ ಹೆಸರೆಲ್ಲ ಹೇಳೋದು ಬೇಡ. ವಯಸ್ಸಾಯ್ತು ಅಂತ ಹೇಳೋಣ."

"ಬೇಡವೇ ಬೇಡ," ಎಂದ ಅಳಿಯ. "ಮಾವ ತಡ್ಕೊಳ್ಳಲ್ಲ."

ಮಾವನನ್ನು ಕೇಳಿ ಹೇಳಿದ ಮಾತೇನೂ ಅಲ್ಲ ಅದು. ತಡೆದುಕೊಳ್ಳಲಾಗದಿದ್ದವನು ಅಳಿಯನೇ.

ಡಾಕ್ಟರು ಕಂಪ್ಯೂಟರಿನ ಕಡೆ ತಿರುಗಿ ಆರೈಕೆಯ ಯೋಜನೆ ತುಂಬತೊಡಗಿದರು. ಹೊರಗೆ ಸಾಲು ಬೆಳೆಯುತ್ತಿತ್ತು. ಮಾತ್ರೆ ಯಾರು ಕೊಡುತ್ತಾರೆ? ಒಲೆ ಯಾರು ನೋಡಿಕೊಳ್ಳುತ್ತಾರೆ? ಒಬ್ಬರೇ ಹೊರಗೆ ಹೋಗುತ್ತಾರಾ? ಸಾಣೆಯಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು. ಹರಿತವಾದ ವಸ್ತುಗಳು ಎಂಬಲ್ಲಿಗೆ ಬಂದಾಗ ಡಾಕ್ಟರ ಬೆರಳು ನಿಂತಿತು.

"ಅಮ್ಮ, ಆ ಕತ್ತಿ ಬಿಡಿಸಿಬಿಡಿ."

"ಬಿಡಿಸೋದು ಹೇಗೆ ಡಾಕ್ಟ್ರೇ? ಅದು ಅವರ ಕೈಯ ಆರನೇ ಬೆರಳು. ಕಿತ್ಕೊಂಡ್ರೆ ಮನೆ ರಣರಂಗ ಆಗುತ್ತೆ."

"ಹಾಗಾದ್ರೆ ಅವರಿಗೆ ಗೊತ್ತಾಗದ ಹಾಗೆ ಮೊಂಡು ಮಾಡಿಬಿಡಿ. ತಾನಾಗೇ ಬಿಡ್ತಾರೆ. ಈ ಊರಲ್ಲಿ ಆ ಕೆಲಸ ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ?"

ಮೂವರೂ ನಕ್ಕರು. ಭಯದಲ್ಲಿ ಕೂತವರಿಗೆ ನಗು ಸಿಕ್ಕರೆ ಸಾಕು, ಯಾವುದಕ್ಕೆ ನಗುತ್ತಿದ್ದೇವೆಂದು ಯಾರೂ ನೋಡುವುದಿಲ್ಲ. ಎಲ್ಲ ಮುಗಿದ ಮೇಲೆ ಪರದೆಯ ಕೊನೆಯಲ್ಲಿ ಒಂದು ಚೌಕ ಉಳಿದಿತ್ತು: 'ರೋಗಿಯೊಂದಿಗೆ ಚರ್ಚಿಸಲಾಗಿದೆ'. ಡಾಕ್ಟರು ಅದಕ್ಕೂ ಒಂದು ಗುರುತು ಹಾಕಿದರು. ಹಾಕದಿದ್ದರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲವಂತೆ. ಮನುಷ್ಯ ಬೆಂಚಿನ ಮೇಲಿದ್ದರೂ ಕಂಪ್ಯೂಟರು ಮುಂದಕ್ಕೆ ಹೋಗಬೇಕು. ಇಂಥ ಚೌಕಗಳಲ್ಲಿ ಎಷ್ಟು ಜನರ ಬಾಯಿ ಹೊಲಿದಿದೆಯೋ, ಹೊಲಿದವರಿಗೂ ಗೊತ್ತಿಲ್ಲ.

ಹೊರಗೆ ಬಂದಾಗ ಮೀಸೆಯಣ್ಣ ಕೇಳಿದ, "ಏನಂತೆ?"

"ಏನಿಲ್ಲ ರೀ, ವಯಸ್ಸಾಯ್ತಂತೆ."

"ಅದನ್ನ ಹೇಳೋಕೆ ಇಷ್ಟು ಹೊತ್ತು ಬೇಕಾಯ್ತಾ? ಕನ್ನಡಿ ಒಂದು ಕ್ಷಣದಲ್ಲಿ ಹೇಳುತ್ತೆ," ಎಂದು ಅವನು ಎದ್ದ.

ಮಾರನೆಯ ದಿನ ಸಾಣೆಯಮ್ಮ, "ಕೊಡಿ, ಕಲ್ಲಿಗೆ ಹಿಡಿದು ತುಂಬ ದಿನ ಆಯ್ತು" ಎಂದು ಕತ್ತಿ ಕೇಳಿದಳು. ಅವನು ಕೊಟ್ಟ. ಅವಳು ಅಂಗಡಿಯ ಹಿಂದಿನ ಪುಟ್ಟ ಅಂಗಳಕ್ಕೆ ಹೋಗಿ ಗಾಜಿನ ಬಾಟಲಿಯ ಅಂಚಿನ ಮೇಲೆ ಅಲಗನ್ನು ಹಗುರವಾಗಿ, ನೇರವಾಗಿ ಎಳೆದಳು. ಬೇರೆ ಯಾರಾದರೂ ಆಗಿದ್ದರೆ ಕಲ್ಲಿಗೆ ಗುದ್ದಿ ಅಲಗಿಗೆ ಗರಗಸದಂಥ ಹಲ್ಲು ಬೀಳಿಸುತ್ತಿದ್ದರು. ನೋಡಿದೊಡನೆ ಮೀಸೆಯಣ್ಣನಿಗೆ ಕತ್ತಿ ಕೆಟ್ಟಿದೆಯೆಂದು ತಿಳಿಯುತ್ತಿತ್ತು, ಬೈಯುತ್ತಿದ್ದ, ಹೊಸದು ತರುತ್ತಿದ್ದ. ಆದರೆ ಇವಳು ಅಪ್ಪನ ಮಗಳು. ಹೊಳಪು ಕೆಡಲಿಲ್ಲ, ಗೆರೆ ಬಾಗಲಿಲ್ಲ, ಹಲ್ಲು ಬೀಳಲಿಲ್ಲ. ಕಣ್ಣಿಗೆ ಕತ್ತಿ ಹಾಗೇ ಇತ್ತು, ಜೀವ ಮಾತ್ರ ಹೋಗಿತ್ತು. ಕೆಲಸ ಅಷ್ಟು ಚೆನ್ನಾಗಿ ಬರುವುದೇ ಇಲ್ಲಿ ಮುಳುವಾಯಿತು.

ಯಾಕೆಂದರೆ ಮೀಸೆಯಣ್ಣ ಕತ್ತಿಯನ್ನು ಅನುಮಾನಿಸಲಿಲ್ಲ. ಪಟ್ಟಿಗೆ ಎಳೆದ. ಕಾಯುತ್ತಿದ್ದ ಗಿರಾಕಿಯ ಕೆನ್ನೆಗಿಟ್ಟ. ಕೂದಲು ಕತ್ತರಿಸುವ ಬದಲು ಕತ್ತಿ ಕಿತ್ತಿತು. ಗಿರಾಕಿ "ಅಮ್ಮಾ!" ಎಂದ. ಮತ್ತೆ ಪಟ್ಟಿಗೆ ಎಳೆದ, ಮತ್ತೆ ಇಟ್ಟ, ಮತ್ತೆ "ಅಮ್ಮಾ!" ಅಳಿಯ ಬಂದು, "ಬಿಡಿ ಮಾವ, ನಾನು ಮಾಡ್ತೀನಿ" ಎಂದು ಗಿರಾಕಿಯನ್ನು ತನ್ನ ಕುರ್ಚಿಗೆ ಕರೆದುಕೊಂಡ. ಮೀಸೆಯಣ್ಣ ಕತ್ತಿಯನ್ನು ಮಡಚಿ ಬಲಗೈಯನ್ನು ನೋಡುತ್ತ ನಿಂತ. ಕತ್ತಿ ಅವಳ ಕೈಯಿಂದ ಬಂದದ್ದು. ಅದರಲ್ಲಿ ತಪ್ಪಿರಲಾರದು. ಹಾಗಾದರೆ ಉಳಿದದ್ದು ಒಂದೇ.

"ನನ್ನ ಕೈ ಹೋಯ್ತು ಕಣೇ," ಎಂದ ಅವನು ಆ ದಿನ ಊಟಕ್ಕೆ ಕೂತಾಗ.

ಅವಳು ತಟ್ಟೆಯ ಕಡೆ ನೋಡಿದಳು. "ಬಿಡಿ ರೀ. ಸಾಕು ಮಾಡಿ. ಅಳಿಯ ಇದ್ದಾನಲ್ಲ," ಎಂದಳು. ಎದೆ ಹಗುರವಾಯಿತು ಕೂಡ. ಇನ್ನು ಯಾರ ಗಂಟಲೂ ಕೊಯ್ಯುವ ಭಯವಿಲ್ಲ. ಡಾಕ್ಟರು ಹೇಳಿದಂತೆ ತಾನಾಗೇ ಬಿಟ್ಟ.

ಬಿಟ್ಟದ್ದು ಕತ್ತಿಯನ್ನಷ್ಟೇ ಅಲ್ಲ. ವಾರ ಕಳೆಯುವುದರೊಳಗೆ ಕತ್ತರಿಯನ್ನೂ ಬಿಟ್ಟ. "ಹೋದ ಕೈಯಲ್ಲಿ ಜನರ ತಲೆ ಮುಟ್ಟಬಾರದು" ಎಂದ. ಆಮೇಲೆ ಬಾಚಣಿಗೆ. ಆಮೇಲೆ ತನ್ನ ಅಂಗಿಯ ಗುಂಡಿ. ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಅಂಗಡಿಯ ಕಿಟಕಿಯ ಪಕ್ಕ ಕೂರುವುದೇ ದಿನಚರಿಯಾಯಿತು. ಗಿರಾಕಿಗಳು ಬಂದು ಅವನ ಎದುರೇ ನಿಂತು ಸಾಣೆಯಮ್ಮನನ್ನು ಕೇಳುತ್ತಿದ್ದರು, "ಹೇಗಿದ್ದಾರೆ ಅವರು? ಊಟ ಮಾಡ್ತಾರಾ? ಗುರುತು ಹಿಡೀತಾರಾ?" ಗುರುತು ಹಿಡಿಯುತ್ತಾನೋ ಇಲ್ಲವೋ ಎಂದು ತಿಳಿಯಲು ಸುಲಭವಾದ ದಾರಿಯಿತ್ತು: ಅವನ ಕಡೆ ತಿರುಗಿ ಮಾತಾಡುವುದು. ಆದರೆ ಕಾಯಿಲೆ ಬಂದವನಿಗೆ ಕಿವಿಯೂ ಹೋಗಿರುತ್ತದೆಂದು, ಮಾನವೂ ಹೋಗಿರುತ್ತದೆಂದು ಗಟ್ಟಿಮುಟ್ಟಾದವರು ನಂಬಿಕೊಂಡಿರುತ್ತಾರೆ. ಹಾಗೆ ನಂಬಿದರೆ ಅವರಿಗೆ ಅನುಕೂಲ.

ಡಾಕ್ಟರು ಮುಂದಿನ ಸಲ ನೋಡಿದಾಗ ಅವನು ಚಮಚ ಕೂಡ ಹಿಡಿಯುತ್ತಿರಲಿಲ್ಲ.

"ಇಷ್ಟು ಬೇಗ ಇಳಿದಿದ್ದಾರೆ," ಎಂದರು ಸಾಣೆಯಮ್ಮನಿಗೆ. "ಕಾಯಿಲೆ ಒಮ್ಮೊಮ್ಮೆ ಹೀಗೇ ಓಡುತ್ತೆ. ದಿನವಿಡೀ ನೋಡ್ಕೊಳ್ಳೋರು ಬೇಕಾಗುತ್ತೆ. ಇಂಥವರನ್ನ ಇಟ್ಕೊಳ್ಳೋ ಆರೈಕೆ ಮನೆ ಇದೆ, ಅಲ್ಲಿ ಹೆಸರು ಬರೆಸಿಡೋಣ. ಜಾಗ ಸಿಗೋದೇ ಕಷ್ಟ."

ಅವಳ ನಾಲಿಗೆ ತುದಿಯವರೆಗೆ ಬಂದ ಮಾತು ಹಿಂದಕ್ಕೆ ಹೋಯಿತು. ಕಾಯಿಲೆ ಓಡಿಲ್ಲ ಡಾಕ್ಟ್ರೇ, ನಾವು ತಳ್ಳಿದ್ದು. ಹೇಳಲಿಲ್ಲ. ದಾರಿಯಲ್ಲಿ ಅಳಿಯ, "ಮಾವ ಈಗ ಸುಮ್ಮನೆ ಕೂತಿರ್ತಾರೆ, ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತಲ್ಲ ಅತ್ತೆ" ಎಂದಾಗಲೂ ಹೇಳಲಿಲ್ಲ. "ಕಲ್ಲೂ ಸುಮ್ಮನೇ ಕೂತಿರುತ್ತೆ" ಎಂದಷ್ಟೇ ಎಂದಳು. ಅಳಿಯನಿಗೆ ಅರ್ಥವಾಗಲಿಲ್ಲ.

ಒಂದು ಮಧ್ಯಾಹ್ನ ಅವಳು ಅವನಿಗೆ ತುತ್ತಿಡುತ್ತಿದ್ದಳು. ಅವನು ಬಾಯಿ ಮುಚ್ಚಿ ಅವಳ ಮುಖ ನೋಡಿದ. ಅಂಥ ಗಳಿಗೆಗಳು ಆಗಾಗ ಬರುತ್ತಿದ್ದವು. ಮಂಜು ಸರಿದು ಎದುರಿನ ಮನೆ ಕಂಡಂತೆ ಅವನು ಪೂರ್ತಿಯಾಗಿ ಕಾಣಿಸಿಕೊಳ್ಳುತ್ತಿದ್ದ.

"ತಲೆ ಹೋಗ್ತಿದೆ ಅಂತ ನನಗೆ ಗೊತ್ತಿತ್ತು ಕಣೇ," ಎಂದ. "ನೀವೆಲ್ಲ ಬಾಗಿಲು ಹಾಕ್ಕೊಂಡು ಮಾತಾಡಿದ್ರಲ್ಲ, ಆಗಲೇ ಗೊತ್ತಾಯ್ತು. ವಯಸ್ಸಾಯ್ತು ಅಂತ ಹೇಳೋಕೆ ಯಾರಾದ್ರೂ ಬಾಗಿಲು ಹಾಕ್ಕೋತಾರಾ?"

ಅವಳು ತುತ್ತನ್ನು ತಟ್ಟೆಗೆ ಮರಳಿಸಿದಳು.

"ಹೋದ್ರೆ ಹೋಗ್ಲಿ, ಕೈ ಇರುತ್ತೆ ಅಂದ್ಕೊಂಡಿದ್ದೆ. ತಲೆ ಮರೆತ್ರೂ ಕೈ ನನ್ನ ಮನೆಗೆ ಕರ್ಕೊಂಡು ಬರುತ್ತೆ ಅಂದ್ಕೊಂಡಿದ್ದೆ. ಅದೇ ಮೊದಲು ಹೋಯ್ತು."

ತಟ್ಟೆಯನ್ನು ಅಲ್ಲೇ ಬಿಟ್ಟು, ಅವನನ್ನು ಮಗಳ ಹತ್ತಿರ ಕೂರಿಸಿ, ಸಾಣೆಯಮ್ಮ ಕ್ಲಿನಿಕ್ಕಿಗೆ ನಡೆದಳು. ನರ್ಸು ಸಾಲು ತೋರಿಸಿದಳು. "ಸಾಲಲ್ಲಿ ಕೂರೋ ಕಾಯಿಲೆ ಅಲ್ಲಮ್ಮ ನಂದು" ಎಂದು ಅವಳು ಒಳಗೆ ನುಗ್ಗಿದಳು. ಡಾಕ್ಟರು ಯಾರದೋ ಕಿವಿಯೊಳಗೆ ದೀಪ ಬಿಡುತ್ತಿದ್ದರು. ಆ ಮನುಷ್ಯ ಹೋಗುವವರೆಗೆ ನಿಂತೇ ಇದ್ದು, ಆಮೇಲೆ ಹೇಳಿದಳು:

"ಅವರ ಕೈ ಹೋಗಿಲ್ಲ ಡಾಕ್ಟ್ರೇ. ನಾನು ತೆಗೆದೆ. ನೀವು ತೆಗೀರಿ ಅಂದ್ರಿ, ನಾನು ತೆಗೆದೆ."

ಡಾಕ್ಟರಿಗೆ ಮೊದಲು ನೆನಪೇ ಬರಲಿಲ್ಲ. ಮರೆವು ಕಾಯಿಲೆಯವರಿಗೆ ಮಾತ್ರವೇ? ಅವಳು ಬಾಟಲಿಯ ಅಂಚು, ಚರ್ಮದ ಪಟ್ಟಿ, ತೊಡೆಯ ಕೆಳಗಿನ ಕೈ, ಎಲ್ಲ ಬಿಡಿಸಿ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆದ್ರೆ ಅಮ್ಮ, ಅಪಾಯ ನಿಜವೇ ಅಲ್ವಾ? ನಾಳೆ ಯಾರಿಗಾದ್ರೂ ಕೊಯ್ದಿದ್ರೆ?"

"ಅಪಾಯ ನಿಜ. ಕೈ ಚೆನ್ನಾಗಿರೋನಿಗೆ ಕೈ ಹೋಯ್ತು ಅಂತ ನಂಬಿಸಿದ್ದೂ ನಿಜ. ಮೊದಲೇ ತನ್ನ ತಲೆ ನಂಬೋಕಾಗ್ದೆ ಒದ್ದಾಡ್ತಿರೋ ಮನುಷ್ಯ. ಅವನಿಗೆ ಹೆಂಡತಿ ಕೈಲಿ ಸುಳ್ಳು ಕೊಡಿಸಿದ್ವಿ." ಅವಳ ದನಿ ಏರಿತು. "ಆವತ್ತು ಕೊನೇಲಿ ಒಂದು ಗುರುತು ಹಾಕಿದ್ರಲ್ಲ, ಅವರ ಹತ್ರ ಮಾತಾಡಿದೀವಿ ಅಂತ. ಯಾವಾಗ ಮಾತಾಡಿದ್ರಿ? ಬೆಂಚಿಗೆ ಹೇಳಿ ಕಳಿಸಿದ್ರಾ?"

ಡಾಕ್ಟರು ಮೇಜಿನಂಚನ್ನು ಉಜ್ಜಿದರು. ಹೊರಗೆ ಯಾರದೋ ಮಗು ಅತ್ತಿತು, ನರ್ಸು ಬಾಗಿಲು ಸರಿಸಿ ಇಣುಕಿ ಮತ್ತೆ ಮುಚ್ಚಿದಳು.

"ಮಾತಾಡಿಲ್ಲ," ಎಂದರು ಕೊನೆಗೆ. "ನಾನು ಬಂದು ಹೇಳ್ತೀನಿ. ನನ್ನದೇ ತಪ್ಪು ಅಂತ."

"ಹೇಳಿದ್ದು ನಿಮ್ಮ ತಪ್ಪು. ಮಾಡಿದ್ದು ನಂದು. ನನ್ನ ಪಾಲು ನಾನೇ ಹೇಳ್ತೀನಿ. ನೀವು ಬನ್ನಿ, ಆದ್ರೆ ಗಡಿಯಾರ ಇಲ್ಲೇ ಬಿಟ್ಟು ಬನ್ನಿ."

ಅಂಗಡಿಗೆ ರಜೆಯ ದಿನ ಡಾಕ್ಟರು ಅಲ್ಲಿಗೇ ಬಂದರು. ಅಳಿಯ ಬಾಗಿಲನ್ನು ಅರ್ಧ ಎಳೆದ. "ಅತ್ತೆ, ಈಗಲೂ ಹೇಳ್ತೀನಿ, ಬೇಡ. ಅವರು ಎಲ್ಲ ಮರೆತು ಆರಾಮಾಗಿದ್ದಾರೆ, ಯಾಕೆ ಕೆದಕ್ತೀರಿ?" ಎಂದು ಪಿಸುಗುಟ್ಟಿದ. ಅವಳು ಅವನನ್ನು ದಾಟಿ ಹೋಗಿ ಗಂಡನ ಎದುರು ಮಣೆ ಹಾಕಿ ಕೂತಳು. ಕೈಯಲ್ಲಿ ನುಣುಪು ಕಲ್ಲು, ಮಡಿಲಲ್ಲಿ ಕತ್ತಿ.

"ರೀ, ಇಲ್ಲಿ ನೋಡಿ. ನಿಮ್ಮ ಕೈ ಹೋಗಿಲ್ಲ. ಈ ಕತ್ತಿ ನಾನು ಮೊಂಡು ಮಾಡಿದ್ದೆ."

"ಸುಮ್ಮನಿರೇ," ಎಂದ ಮೀಸೆಯಣ್ಣ, ಕನಿಕರದಿಂದ. "ನನಗೆ ಸಮಾಧಾನ ಆಗ್ಲಿ ಅಂತ ನಿನ್ನ ಕೆಲಸಕ್ಕೆ ಯಾಕೆ ಹೆಸರು ಕೆಡಿಸ್ಕೋತೀಯ?"

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಕಲ್ಲಿಗೆ ನೀರು ಚಿಮುಕಿಸಿ ಅವನ ಕಣ್ಣೆದುರೇ ಮಸೆಯತೊಡಗಿದಳು. ಒರಟಾಗಿದ್ದ ಸದ್ದು ನಿಧಾನವಾಗಿ ತಿಳಿಯಾಗುತ್ತ ಬಂತು. ಅವನ ತಲೆ ಆ ಕಡೆ ವಾಲಿತು. ಅವಳು ಒರೆಸಿ ಕೊಟ್ಟಳು. ತೊಡೆಯ ಕೆಳಗಿನ ಕೈ ಹೊರಗೆ ಬಂತು, ಅವನು ಎದ್ದು ನಿಂತು ಕತ್ತಿಯನ್ನು ಪಟ್ಟಿಗೆ ಎಳೆದ. ಆಮೇಲೆ, ಮದುವೆಯಾದಂದಿನಿಂದ ಮೊದಲ ಸಲ, ಅವಳು ಕೊಟ್ಟ ಅಲಗನ್ನು ಪರೀಕ್ಷಿಸಿದ. ಮುಂಗೈಯ ಮೇಲೆ ಇಟ್ಟು ಸರಿಸಿದ. ಬಿಳಿಯ ರೋಮಗಳು ಉದುರಿ ಮೇಜಿನ ಮೇಲೆ ಬಿದ್ದವು.

ಅವನು ಮಕ್ಕಳಂತೆ ನಕ್ಕ. ನಗುನಗುತ್ತಲೇ ಮುಖ ಕಪ್ಪಾಯಿತು.

"ನೀನಾ?"

"ನಾನೇ."

"ನೀನು ಕೊಟ್ಟಿದ್ದು ಅಂತ ನಾನು ನೋಡ್ಲೇ ಇಲ್ಲ! ನೀನು ಕೊಟ್ಟಿದ್ದು ಅಂತ!" ಅವನು ಕತ್ತಿ ಮಡಚಿ ಮೇಜಿಗೆ ಬಡಿದ. ಅಳಿಯ ಮುಂದೆ ಬಂದ. "ನೀನು ದೂರ ನಿಲ್ಲಯ್ಯ" ಎಂದು ಮೀಸೆಯಣ್ಣ ಅವನನ್ನು ತಡೆದ. ಡಾಕ್ಟರು ಬಾಯಿ ತೆರೆದರು. "ಮಾಡೋಕೆ ಹೇಳಿದ್ದು ನಾನು" ಎಂದರು. "ನಿನ್ನ ತಲೆಗೂದಲು ನಾನು ಕೇಳದೆ ಯಾವತ್ತಾದ್ರೂ ಕತ್ತರಿಸಿದ್ನೇನಪ್ಪಾ?" ಎಂದು ಮೀಸೆಯಣ್ಣ ಕೇಳಿದ. "ಸ್ಕೂಲಿಗೆ ಹೋಗೋ ಹುಡುಗ ಆಗಿದ್ದಾಗಲೂ ಕೇಳ್ತಿದ್ದೆ, ಎಷ್ಟು ಬಿಡ್ಲಿ ಅಂತ. ನಿಮ್ಮಪ್ಪನ್ನ ಕೇಳಲಿಲ್ಲ. ನಿನ್ನ ಕೇಳಿದೆ."

ಡಾಕ್ಟರು ಹೋಗಿ ಅವನ ಹಳೆಯ ಕುರ್ಚಿಯಲ್ಲಿ ಕೂತು, ಕುತ್ತಿಗೆ ಮೇಲೆತ್ತಿದರು. "ನನಗೆ ಗಡ್ಡ ಮಾಡಿ. ನಿಮ್ಮ ಕೈ ಮೇಲೆ ನನಗೆ ನಂಬಿಕೆಯಿದೆ."

ಒಳ್ಳೆಯ ಮನಸ್ಸಿನ ಮಾತೇ. ಆದರೆ ಅದೂ ಕೇಳದೆ ಮಾಡಿದ ಇನ್ನೊಂದು ಉಪಕಾರ. ಮೀಸೆಯಣ್ಣ ಕತ್ತಿ ಮುಟ್ಟಲಿಲ್ಲ.

"ಏಳಪ್ಪಾ, ನಾಟಕ ಬೇಡ," ಎಂದ. "ನಿನ್ನ ಗಂಟಲ ಮೇಲೆ ಇಟ್ಕೊಂಡು, ಎಲ್ಲಿದ್ದೀನಿ ಅಂತ ನನಗೆ ಮರೆತುಹೋದ್ರೆ? ಆ ಮೀಸೆಯವನ ಮುಖ ನೋಡಿದ ದಿನವೇ ನನಗೆ ಅನ್ನಿಸಿತ್ತು, ಇನ್ನು ಬೇರೆಯವರಿಗೆ ಕತ್ತಿ ಹಿಡೀಬಾರದು ಅಂತ. ನೀವು ಕೇಳಿದ್ದಿದ್ರೆ ನಾನೇ ಕೆಳಗಿಡ್ತಿದ್ದೆ."

ಅಷ್ಟು ಸುಲಭವಿತ್ತು. ಬಾಗಿಲು ತೆರೆದು ಒಂದು ಮಾತು ಕೇಳುವಷ್ಟು.

ಆಮೇಲೆ ಡಾಕ್ಟರು ಕುರ್ಚಿಯನ್ನು ಅವನ ಕಡೆ ತಿರುಗಿಸಿ ಕೂತು, ಆ ಕಾಯಿಲೆಯ ಹೆಸರು ಹೇಳಿದರು. ಅದು ಏನೇನು ಕಿತ್ತುಕೊಳ್ಳಬಹುದೆಂದು ಹೇಳಿದರು, ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದರು. ಬೆಳಗಿನ ಬೆಳಕು ಕನ್ನಡಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯಿತು. ಮೀಸೆಯಣ್ಣ ಮಧ್ಯೆ ಎಳೆ ತಪ್ಪಿದ, ಎರಡು ಸಲ ಒಂದೇ ಪ್ರಶ್ನೆ ಕೇಳಿದ, ಒಮ್ಮೆ ಡಾಕ್ಟರನ್ನು ಅವರಪ್ಪನೆಂದು ತಿಳಿದು ಮಂಡಿನೋವು ವಿಚಾರಿಸಿದ. ಡಾಕ್ಟರು ಕಾದರು, ಮತ್ತೆ ಹೇಳಿದರು. ಯಾವ ಪರದೆಯೂ ಮುಂದಕ್ಕೆ ಹೋಗಲು ಆತುರಪಡಲಿಲ್ಲ.

ಅವನಿಗೆ ಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಕತ್ತಿ ತನ್ನ ಮುಖಕ್ಕೆ ಮಾತ್ರ, ಅಳಿಯ ಪಕ್ಕದಲ್ಲಿರುವಾಗ. ಕತ್ತರಿ, ಒಪ್ಪಿದ ಗಿರಾಕಿಗಳಿಗೆ. ಏನು ಮಾಡಬೇಕೆಂದು ಅಳಿಯ ಜ್ಞಾಪಿಸಲಿ, ಹೇಗೆ ಮಾಡಬೇಕೆಂದು ಹೇಳಿಕೊಡುವುದು ಬೇಡ. ಅಳಿಯ, "ಸರಿ ಮಾವ" ಎಂದ, ನೆಲ ನೋಡುತ್ತ.

"ಇನ್ನೊಂದು. ಇವಳ ಕೈಲಿ ಆಗದ ದಿನ ಬಂದ್ರೆ ನನ್ನ ಆ ಆರೈಕೆ ಮನೆಗೆ ಕಳಿಸಿ. ಇವಳು ಬೇಡ ಅಂತಾಳೆ. ಇವಳ ಮಾತು ಕೇಳಬೇಡಿ."

"ಅದೆಲ್ಲ ಈಗ್ಯಾಕೆ ರೀ? ನಾನು ಎಲ್ಲಿಗೂ ಕಳಿಸಲ್ಲ," ಎಂದಳು ಸಾಣೆಯಮ್ಮ.

"ನೋಡಿದ್ರಾ? ಮತ್ತೆ ನನ್ನ ಪರವಾಗಿ ಇವಳೇ!" ಎಂದ ಅವನು. ಡಾಕ್ಟರು ನಗು ತಡೆದುಕೊಂಡರು. ಅವಳೂ ಬಾಯಿ ಮುಚ್ಚಿಕೊಂಡಳು, ಅದು ಅವಳಿಗೆ ಆ ದಿನದ ಅತ್ಯಂತ ಕಷ್ಟದ ಕೆಲಸ.

"ಕೊನೇದು," ಎಂದ ಮೀಸೆಯಣ್ಣ. ದನಿ ಇಳಿದಿತ್ತು. "ನಂಗೆ ಸುಳ್ಳು ಹೇಳಬೇಡಿ. ಒಳ್ಳೇದಕ್ಕೂ ಬೇಡ. ನಾನು ಮರೆತು ಮತ್ತೆ ಮತ್ತೆ ಕೇಳ್ತೀನಿ. ಮತ್ತೆ ಮತ್ತೆ ನಿಜ ಹೇಳಿ. ನಾನು ಯಾವುದನ್ನ ಹಿಡ್ಕೊಂಡು ನಿಲ್ಲಲಿ, ನೀವೇ ಅಲುಗಾಡಿದ್ರೆ?"

ಡಾಕ್ಟರು ಅದನ್ನು ಅವನ ಮಾತಿನಲ್ಲೇ ಬರೆದುಕೊಂಡರು. ಓದಿ ಹೇಳಿದರು. ಅವನು ಒಂದು ಪದ ತಿದ್ದಿಸಿದ.

ಇದಾದ ಮೇಲೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಗುಂಡಿ ಹಾಕಿಕೊಳ್ಳತೊಡಗಿದ, ತಾನೇ ಉಣ್ಣತೊಡಗಿದ, ಬೆಳಗ್ಗೆ ತನ್ನ ಗಡ್ಡ ತಾನೇ ತೆಗೆದುಕೊಳ್ಳತೊಡಗಿದ. ಆದರೆ ಮರೆವು ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು. ಆ ರಜೆಯ ದಿನವೇ ಅವನ ನೆನಪಿನಿಂದ ಜಾರಿತು, ಡಾಕ್ಟರು ಬಂದದ್ದೂ ಹೋಯಿತು, ತಾನು ಕೇಳಿಕೊಂಡದ್ದೂ ಹೋಯಿತು. ಉಳಿದದ್ದು ಒಂದು ಮುಳ್ಳು. ಕೆಲವು ದಿನಕ್ಕೊಮ್ಮೆ, ಚರ್ಮದ ಪಟ್ಟಿಯ ಮುಂದೆ ನಿಂತಾಗ, ಅದು ಚುಚ್ಚುತ್ತಿತ್ತು.

"ನಡುವೆ ಯಾವಾಗಲೋ ಈ ಕತ್ತಿ ಹರಿತ ಹಿಡೀತಿರಲಿಲ್ಲ ಅಲ್ವೇನೇ? ಏನಾಗಿತ್ತು?"

ಮೊದಲ ಸಲ ಅವಳು ನಿಜ ಹೇಳಿದಾಗ ಅವನು ಅಂದೇ ತಿಳಿದವನಂತೆ ಸಿಟ್ಟಾದ, ಮಧ್ಯಾಹ್ನದವರೆಗೂ ಮಾತು ಬಿಟ್ಟ. ಮುಂದಿನ ಸಲವೂ ಹಾಗೇ. ತಪ್ಪು ಮಾಡಿದವರಿಗೆ ಒಮ್ಮೆ ಬೈಸಿಕೊಂಡು ಮುಗಿಸುವ ಸುಖವಾದರೂ ಇರುತ್ತದೆ, ಸಾಣೆಯಮ್ಮನಿಗೆ ಅದಿರಲಿಲ್ಲ. ಅವನು ಕ್ಷಮಿಸಿದ ದಿನಗಳೂ ಅವನ ನೆನಪಿನಿಂದ ಹೋಗುತ್ತಿದ್ದವು. ಅಳಿಯನಿಗೆ ನೋಡಲಾಗಲಿಲ್ಲ. "ಕಲ್ಲು ಸರಿಯಿರಲಿಲ್ಲ ಅಂದುಬಿಡಿ ಅತ್ತೆ. ಒಂದು ಮಾತು. ಅವರಿಗೂ ನೆಮ್ಮದಿ, ನಿಮಗೂ."

ಅವಳಿಗೆ ಆಸೆಯಾಗದೆ ಇರಲಿಲ್ಲ. ಒಂದು ಬೆಳಗ್ಗೆ ಅವನು ಮತ್ತೆ ಕೇಳಿದ. ಅವಳು ಮೆಟ್ಟಿಲ ಪಕ್ಕ ಚಕ್ರ ಓಡಿಸುತ್ತಿದ್ದಳು. ಅವನ ಮುಖ ತುಂಬ ತಿಳಿಯಾಗಿತ್ತು, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು, ಆಗ ತಾನೇ ಯಾವುದೋ ಹಳೆಯ ಗಿರಾಕಿಯ ಕತೆ ಹೇಳಿ ನಗಿಸಿದ್ದ. ಆ ಮುಖವನ್ನು ಕೆಡಿಸಲು ಯಾರಿಗೆ ಮನಸ್ಸು ಬಂದೀತು? ಕಲ್ಲು ಎಂಬ ಪದ ಅವಳ ತುಟಿಯವರೆಗೆ ಬಂತು. ಅವಳು ಮೋಟಾರು ಆರಿಸಿದಳು.

"ನಾನು ಮೊಂಡು ಮಾಡಿದ್ದೆ ರೀ."

"ಯಾಕೆ?"

"ಹೆದರಿಕೆಯಾಗಿತ್ತು. ನಿಮ್ಮನ್ನ ಕೇಳ್ದೆ ಮಾಡಿದೆ."

ಅವನು ಅವಳನ್ನೇ ನೋಡಿದ. ಮುಖ ಬಿಗಿಯಿತು. ಕತ್ತಿ ಮಡಚಿಟ್ಟು ಮೆಟ್ಟಿಲ ಮೇಲೆ ಬಂದು, ಅವಳಿಗೆ ಬೆನ್ನು ಮಾಡಿ ಕೂತ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಅದೇ ಮೆಟ್ಟಿಲಲ್ಲಿ, ಸ್ವಲ್ಪ ಜಾಗ ಬಿಟ್ಟು ಕೂತಳು. ಅಷ್ಟರಲ್ಲಿ ಮೂಲೆಯ ದರ್ಜಿ ಕಂಕುಳಲ್ಲಿ ಕತ್ತರಿಗಳ ಗಂಟು ಹಿಡಿದು ಬಂದ.

"ಸಾಣೆಯಮ್ಮಾ, ಅರ್ಜೆಂಟು! ಬಟ್ಟೆ ಎಲ್ಲ ಹಾಗೇ ಬಿದ್ದಿದೆ."

"ಆಮೇಲೆ ಬಾರಪ್ಪ," ಎಂದಳು ಅವಳು. "ನಮ್ಮವರು ಸಿಟ್ಟಲ್ಲಿದ್ದಾರೆ. ನಾನು ಇಲ್ಲಿ ಕೂತಿರ್ಬೇಕು."